ಮುಂದಿನ ವರ್ಷದ ಕನ್ನಡಿ

ಔಷಧಿ ಕೊಳ್ಳುವ ಮೊದಲು ಅದನ್ನು ಕೈಯಲ್ಲಿ ಹಿಡಿದು, ಅಂಗಡಿಯ ಕನ್ನಡಿಯಲ್ಲಿ ಮುಂದಿನ ವರ್ಷದ ತಮ್ಮನ್ನು ನೋಡಿಕೊಳ್ಳುವುದು ಊರಿಗೆಲ್ಲ ರೂಢಿ. ಬೈತಲೆ ಅಗಲವಾಗುತ್ತಿದೆಯೆಂದು ಬಂದಿದ್ದ ಕೋಮಲಾ, ಮೊದಲು ಅಜ್ಜಿ ಕಾಯಿಸಿಕೊಟ್ಟ ಭೃಂಗರಾಜದ ಎಣ್ಣೆಯನ್ನೇ ಹಿಡಿದು ನೋಡಿದಳು. ಕನ್ನಡಿಯಲ್ಲಿ ಕೂದಲು ಇನ್ನಷ್ಟು ತೆಳುವಾಗಿತ್ತು. ಆದರೆ ಬೆನ್ನ ಹಿಂದೆ ಅಜ್ಜಿ ಕೂತು ನೆತ್ತಿ ತಿಕ್ಕುತ್ತಿದ್ದಳು.

ಡಾಕ್ಟರು ಬರೆದ ಔಷಧಿ ಹಿಡಿದಳು. ಕೂದಲು ದಟ್ಟವಾಗಿತ್ತು, ಹಿಂದೆ ಯಾರೂ ಇರಲಿಲ್ಲ.

ಕೋಮಲಾ ಗಾಬರಿಯಿಂದ ತಿರುಗಿ ಕೇಳಿದಳು: "ಅಜ್ಜಿ ಹೋಗ್ಬಿಡ್ತಾಳಾ?"

"ಇಲ್ಲ ಕಣಮ್ಮ," ಎಂದರು ಅಂಗಡಿಯ ಕಾಮಾಕ್ಷಮ್ಮ. "ಎಣ್ಣೆ ಬಿಟ್ಮೇಲೆ ನೀನು ಅವರನ್ನ ಕರೆಯೋದೇ ಇಲ್ಲ, ಅಷ್ಟೇ."

ಕೋಮಲಾ ಕುತೂಹಲದಿಂದ ಎರಡನ್ನೂ ಒಟ್ಟಿಗೆ ಹಿಡಿದಳು. ಕನ್ನಡಿಯೊಳಗೆ ದಟ್ಟ ಕೂದಲಿನಲ್ಲಿ ಬೆರಳಾಡಿಸುತ್ತ ಅಜ್ಜಿ ಬೀಗುತ್ತಿದ್ದಳು: "ನೋಡ್ದೇನೇ, ನನ್ನ ಎಣ್ಣೆ ಮಹಿಮೆ!"