ಕಿಕ್ಕಿನ ಮೇಲೆ ಕಾಲು

“ಆವತ್ತು ಹಂಗ್ಯಾಕ ಓಡಿ ಹೋದ್ರಿ?” ಎಂದು ಮೃಣಾಲಿನಿ ಕೇಳಿದಾಗ ಗುರುರಾಜನ ಬಾಯಲ್ಲಿದ್ದ ಚಹಾ ಬಾಯಲ್ಲೇ ಉಳಿಯಿತು. ಮನ್ಮಾಡ್ ಜಂಕ್ಷನ್ನಿನಲ್ಲಿ ಅವನ ರೈಲೂ ತಡ, ಅವಳ ರೈಲೂ ತಡ. ಎಷ್ಟೋ ವರ್ಷಗಳ ಮೇಲೆ ಎದುರಾದವಳು ಕ್ಷೇಮಸಮಾಚಾರ ಮುಗಿಯುವ ಮೊದಲೇ ಇದನ್ನು ಕೇಳಿಬಿಟ್ಟಳು.

“ನೀನ ‘ಹೋ’ ಅಂದಿ.”

“ಹೌದು, ಅಂದೆ.”

“ಹೋಗು ಅಂದ ಮ್ಯಾಲ ನಿಂತು ಏನ್ ಮಾಡ್ಲಿ?”

ಅವಳು ಕಣ್ಣು ಅಗಲಿಸಿದಳು. “ಅಯ್ಯ ದೇವರ! ಅದು ಮರಾಠಿ ‘ಹೋ’ ರೀ. ಹೂಂ ಅಂದಿದ್ದೆ!”

ಗುರುರಾಜ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟ. ಆಗ ನಾಸಿಕದಲ್ಲಿ ಅವನಿದ್ದ ಬ್ಯಾಂಕಿನ ಕನ್ನಡಿಗ ಮ್ಯಾನೇಜರರ ಮಗಳು ಅವಳು, ಅಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. “ಊಟ ಆತೇನು?” “ಹೋ.” “ಅಪ್ಪಾರು ಮನ್ಯಾಗ ಅದಾರೇನು?” “ಹೋ.” ದಿನಾ ಕೇಳುತ್ತಿದ್ದ ಆ ಹೋ ಎಂದರೆ ಹೌದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಒಂದು ಮಾತಿಗಾಗಿಯೇ ಇಲ್ಲದ ಕೆಲಸ ಹುಟ್ಟಿಸಿಕೊಂಡು ಅವರ ಮನೆಗೆ ಹೋಗುತ್ತಿದ್ದ. ಎಂಥ ಚಂದದ ದಿನಗಳವು!

ಆ ಸಂಜೆ ಪಂಚವಟಿಯ ಓಣಿಯಲ್ಲಿ, ಅವಳ ಮನೆಯ ಮುಂದೆ, “ನನ್ನ ಮದುವಿ ಆಗ್ತೀಯೇನು?” ಎಂದು ಕೇಳುವ ಮೊದಲೇ ಪುಣ್ಯಾತ್ಮ ಸ್ಕೂಟರಿನ ಕಿಕ್ಕಿನ ಮೇಲೆ ಕಾಲಿಟ್ಟುಕೊಂಡಿದ್ದ. ಬೈದರೆ ಓಡಬೇಕಲ್ಲ! ಜೀವವೆಲ್ಲ ಆ ಕಾಲಿಗೇ ಇಳಿದಿತ್ತು. ಗುಡಿಯ ಗಂಟೆ, ರಿಕ್ಷಾಗಳ ಹಾರನ್ನು ಒಂದೂ ಅವನಿಗೆ ಕೇಳಿಸಲಿಲ್ಲ. ಕಾಲು ಹೊರಡಲು ತಯಾರಾಗಿ ನಿಂತಿತ್ತು, ಕಿವಿ ಅದರ ಮಾತನ್ನೇ ಕೇಳಿತು. ‘ಹೋ’ ಎಂದಳು. ಒದ್ದ ಒಂದೇ ಏಟಿಗೆ ಸ್ಕೂಟರು ಚಾಲೂ ಆಯಿತು. ಆ ಹಾಳು ಸ್ಕೂಟರು ಅದಕ್ಕೆ ಮೊದಲು ಯಾವತ್ತೂ ಅಷ್ಟು ಸಲೀಸಾಗಿ ಚಾಲೂ ಆದದ್ದಿಲ್ಲ. ಮುಂದೆ ಅವಳಿಗೆ ಮುಖ ತೋರಿಸಲು ನಾಚಿ, ತಾನೇ ಕೇಳಿ ವೈಜಾಪುರದ ಶಾಖೆಗೆ ವರ್ಗ ಮಾಡಿಸಿಕೊಂಡ.

“ಕಾಲು ಕಿಕ್ ಮ್ಯಾಲ ಇತ್ತು...” ಎಂದ, ಅದೇ ಒಂದು ಕಾರಣ ಎಂಬಂತೆ.

ಮೃಣಾಲಿನಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಹುಬ್ಬಳ್ಳಿಯ ಸೊಸೆಯಾಗಿ ಅವಳ ಬಾಯಿಗೆ ಈಗ ಎಷ್ಟು ಸೊಗಸಾದ ಕನ್ನಡ ಬಂದಿತ್ತು!

“ಖುಷೀಲೆ ನಿಮ್ಮ ಅವ್ವಗ ಫೋನ್ ಮಾಡಾಕ ಓಡಿದ್ರಿ ಅಂತ ತಿಳಿದಿದ್ದೆ. ಬಾಯಿ ಸಿಹಿ ಮಾಡಾಕ ಅಮ್ಮ ಶಿರಾ ಮಾಡಿದ್ಲು. ಆಮ್ಯಾಲ ನಿಮ್ಮ ಸುದ್ದೀನ ಇಲ್ಲ. ನಿಮ್ಮ ಅವ್ವನ ಬ್ಯಾಡ ಅಂದಿರಬೇಕು ಅಂತ, ಇಷ್ಟು ವರ್ಷ ಅವರನ್ನ ಬೈಕೋತ ಬಂದೆ ನೋಡ್ರಿ.” ಆಮೇಲೆ ಕೇಳಿದಳು, “ಹ್ಯಾಂಗದಾರ ಈಗ ಅವರು?”

“ಹ್ವಾದ ವರ್ಷ ತೀರಿಕೊಂಡ್ಲು. ‘ಸೊಸಿ ಮಾರಿ ನೋಡಿ ಸಾಯ್ತೀನೋ’ ಅಂತಿದ್ಲು ಪಾಪ, ಕಡೀತನಕ.”