ಅರವಟ್ಟಿಗೆಯ ಕಂಬ

ಹಳೇ ಕಟ್ಟಡಗಳ ಪಟ್ಟಿ ಬರೆಯುವವರು ಮೂಲೆಮನೆ ಮುಗಿಸಿ ಈ ಕಡೆಗೇ ಬರುತ್ತಿದ್ದಾರೆಂದು ಕಿವಿಗೆ ಬಿದ್ದದ್ದೇ ತಡ, ವೀರಭದ್ರಯ್ಯ ಬೀಸುಕಲ್ಲು ಕಟೆಯಲು ಇಟ್ಟಿದ್ದ ಉಳಿ, ಸುತ್ತಿಗೆ ಹುಡುಕಿ ತಂದ. ಮನೆಗೆ ಅಂಟಿಕೊಂಡಿದ್ದ ಅರವಟ್ಟಿಗೆ ಮಂಟಪದಲ್ಲಿ ನಿಂತು ರಸ್ತೆಯ ಎರಡೂ ಕಡೆ ನೋಡಿದ. ಸದ್ಯ, ಯಾರೂ ಇರಲಿಲ್ಲ.

"ನೀನು ಕಾಯಿ ಒಡೀತಾ ಇರು. ನಿಲ್ಲಿಸಬ್ಯಾಡ," ಎಂದ ಹೆಂಡತಿಗೆ.

ವಿಮಲಮ್ಮ ಅಂಗಳದಲ್ಲಿ ಕೂತು, ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಗಳ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದಳು. ಆ ಟಕ್ ಟಕ್ ಸದ್ದಿನಲ್ಲಿ ಉಳಿಯ ಸದ್ದು ಯಾರಿಗೂ ಗೊತ್ತಾಗದು ಎಂಬುದು ಅವನ ಉಪಾಯ.

"ಒಂದು ಮಾತು ವಿಚಾರಿಸಬಾರದೇನ್ರೀ? ಬೀದಿಯೋರೇ ಸೇರಿ ಮಾಡಿಸಿದ ಪಟ್ಟಿಯಂತೆ."

"ಯಾರು ಮಾಡ್ಸಿದ್ರೇನು, ಬರ್ಕೊಳ್ಳೋನು ಸರ್ಕಾರದೋನು ತಾನೇ? ಆವಾಗ್ಲೂ ಬರೀ ಹೆಸರು ಬರ್ಕೊತೀವಿ ಅಂದಿದ್ರು. ಕೆರೆ ಹಿಂದಿನ ತೋಟ ಏನಾಯ್ತು ಹೇಳು."

ವಿಮಲಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು. ಗೇಣಿಗೆ ಕೊಟ್ಟಿದ್ದ ತೋಟ ನಾಲ್ಕು ವರ್ಷದ ಹಿಂದೆ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಹಾಗೆಯೇ ಕೈಬಿಟ್ಟು ಹೋಗಿತ್ತು. ಈಗ ನೂರು ವರ್ಷ ದಾಟಿದ ಕಟ್ಟಡಗಳನ್ನು ಬರೆದುಕೊಳ್ಳುತ್ತಾರೆ, ಆಮೇಲೆ ಅವೆಲ್ಲ ಸರ್ಕಾರಕ್ಕೇ ಎಂದು ಕೊಬ್ಬರಿ ಮಂಡಿಯಲ್ಲಿ ಯಾರೋ ಅಂದಿದ್ದರು. ಅದನ್ನು ನಂಬಿದ ವೀರಭದ್ರಯ್ಯ ಬೀದಿಯವರು ಸಭೆ ಸೇರಿದ ದಿನ ಹೊಟ್ಟೆನೋವೆಂದು ಮುಸುಕೆಳೆದು ಮಲಗಿದ್ದ. ಹೋದರೆ ರುಜು ಹಾಕಿಸಿಕೊಂಡುಬಿಡುತ್ತಾರಲ್ಲ!

ಮುಂಗಂಬದ ಮೇಲೆ ಬರಹವಿತ್ತು: 'ಪ್ರಭವ ಸಂವತ್ಸರದಲ್ಲಿ ಶಿವನಂಜಯ್ಯನು ಕಟ್ಟಿಸಿದ ಧರ್ಮದ ಅರವಟ್ಟಿಗೆ.' ಶಿವನಂಜಯ್ಯ ಎಂದರೆ ಅವನ ಮುತ್ತಾತ; ಆ ಪ್ರಭವ ಕಳೆದು ನೂರು ವರ್ಷ ದಾಟಿತ್ತು. ತಿಪಟೂರು ಸಂತೆಗೆ ಹೋಗುವ ಗಾಡಿಯವರು ಇಲ್ಲಿ ಎತ್ತು ಬಿಚ್ಚಿ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ವಿಮಲಮ್ಮ ಗುಡಾಣ ತುಂಬಿ ಇಡುತ್ತಾಳೆ, ಸೋಮವಾರ ಸೋಮವಾರ ಕಂಬಕ್ಕೆ ಎಣ್ಣೆ ಸವರಿ ಆ ಅಕ್ಷರಗಳಿಗೆ ವಿಭೂತಿ ಹಚ್ಚುತ್ತಾಳೆ. ವೀರಭದ್ರಯ್ಯ ಅಕ್ಷರ ಕಲಿತದ್ದೇ ಅದರ ಮೇಲೆ ಬೆರಳಾಡಿಸಿ.

"ತಪ್ಪಾಯ್ತು ಕಣಪ್ಪ ತಾತ. ಹೆಸರು ಹೋದ್ರೂ ಜಾಗ ಉಳೀಲಿ," ಎಂದು ಕಣ್ಣು ಮುಚ್ಚಿ ಮೊದಲ ಏಟು ಹಾಕಿದ.

ಪಂಚಾಯ್ತಿಯ ಓವರ್ಸಿಯರ್ ತೋಂಟದಾರ್ಯ ಟೇಪು, ಪುಸ್ತಕ ಹಿಡಿದು ಬರುವ ಹೊತ್ತಿಗೆ ಉಳಿ ಗೋಣಿಚೀಲದ ಅಡಿ ಸೇರಿತ್ತು.

"ಯಜಮಾನ್ರೇ, ಈ ಮಂಟಪ ಯಾವ ಕಾಲದ್ದು?"

"ಹಳೇದೇನಲ್ಲ ಸ್ವಾಮಿ. ನಮ್ಮಪ್ಪ ಕಟ್ಟಿಸಿದ್ದು, ಮೊನ್ನೆ ಮೊನ್ನೆ."

ತೋಂಟದಾರ್ಯ ಪುಸ್ತಕ ತಿರುವಿದ. "ನಿಮ್ಮ ಬೀದಿಯೋರು ಇದನ್ನೇ ಮೊದಲು ಬರೆಸಿದಾರಲ್ರೀ. ರಸ್ತೆ ಅಗಲ ಮಾಡ್ತಾ ಇದೀವಿ. ಜನಕ್ಕೆ ಬೇಕಾದ ನೂರು ವರ್ಷದ ಕಟ್ಟಡ ಇದ್ರೆ ಅದನ್ನ ಮುಟ್ಟಂಗಿಲ್ಲ, ರಸ್ತೆನೇ ಬಳಸ್ಕೊಂಡು ಹೋಗ್ಬೇಕು. ಹಂಗಂತ ಬೀದಿಯೋರು ಹಟ ಹಿಡಿದು ಒಪ್ಪಿಸಿದಾರೆ. ಕಂಬದಲ್ಲಿ ಬರಹ ಐತೆ ಅಂದ್ರು?"

ವೀರಭದ್ರಯ್ಯ ಒಂದು ಹೆಜ್ಜೆ ಮುಂದೆ ಬಂದ. "ಬಳಸ್ಕೊಂಡು ಹೋಯ್ತದಾ? ಹಂಗಾದ್ರೆ ಇದು ಹಳೇದೇ ಸ್ವಾಮಿ. ನಮ್ಮ ಮುತ್ತಾತಂದು. ನಾನು ಹೆದರ್ಕೊಂಡು ಸುಳ್ಳು ಹೇಳ್ದೆ."

"ಬರಹ ಕಣ್ಣಾರೆ ನೋಡಿ ಬರ್ಕೋಬೇಕು ಅಂತ ರೂಲ್ಸು."

"ನೋಡ್ದಿದ್ರೆ?"

"ರಸ್ತೆ ನೆಟ್ಟಗೆ ಹೋಗ್ತದೆ."

ತೋಂಟದಾರ್ಯ ಮುಂಗಂಬದ ಹತ್ತಿರ ಹೋದ. ಎಣ್ಣೆ ಕುಡಿದು ಕಪ್ಪಾಗಿದ್ದ ಕಂಬದಲ್ಲಿ ಒಂದು ಮೊಳದಷ್ಟು ಜಾಗ ಮಾತ್ರ ಆಗಷ್ಟೇ ಕಟೆದಂತೆ ಬೆಳ್ಳಗಿತ್ತು. ಬೆರಳಿಗೆ ಹತ್ತಿದ ಕಲ್ಲಿನ ಹಿಟ್ಟನ್ನು ನೋಡಿದ, ವೀರಭದ್ರಯ್ಯನ ಪಂಚೆಯ ಮೇಲಿದ್ದ ಹಿಟ್ಟನ್ನೂ ನೋಡಿದ.

"ಎಂಥ ಕೆಲಸ ಮಾಡ್ಕೊಂಬುಟ್ರಿ," ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿ ಮುಂದಿನ ಮನೆಗೆ ನಡೆದ.

ಟಕ್ ಟಕ್ ಸದ್ದು ಯಾವಾಗಲೋ ನಿಂತಿತ್ತು. ವಿಮಲಮ್ಮ ಮೊರದಲ್ಲಿದ್ದ ಕೊಬ್ಬರಿಯನ್ನು ಚಾಪೆಗೆ ಸುರಿದು, ಕಂಬದ ಬುಡದಲ್ಲಿ ಬಿದ್ದಿದ್ದ ಚೂರುಗಳನ್ನು ಒಂದೂ ಬಿಡದೆ ಮೊರಕ್ಕೆ ಬಳಿದು ತಂದು ಗಂಡನ ಮುಂದೆ ಹಿಡಿದಳು.

"ನಿಮಗೆ ಓದಾಕೆ ಬತ್ತದಲ್ಲ. ಇದ್ರಾಗೆ ಮುತ್ತಾತನ ಹೆಸರು ಯಾವುದ್ರೀ?"