ಏಳು ದಾರದ ಲಾಡಿ

"ಉಧ್ನಾದ ಕಾರ್ಖಾನೆಗಳಲ್ಲಿ ಯಂತ್ರಗಳು ಮೈಲಿಗಟ್ಟಲೆ ಲಾಡಿ ಉಗುಳ್ತಾ ಇವೆ, ನೀನು ಇಲ್ಲಿ ಗೇಣುದ್ದ ಹೆಣೀತಾ ಕೂತಿದೀಯ," ಎಂದು ಬ್ಯಾಂಕ್ ಮ್ಯಾನೇಜರ್ ಬಾಲಚಂದ್ರ ಹೆಂಡತಿಯನ್ನು ನೋಡಿ ಮೂಗು ಮುರಿದ. ವಿಭಾ ತಲೆಯೆತ್ತಲಿಲ್ಲ. ಅಂಚಿಗೆ ಎಂಟು ಕಚ್ಚು ಹಾಕಿದ ಹಳೇ ಸೀಡಿಗೆ ಏಳು ದಾರ ಸಿಕ್ಕಿಸಿಕೊಂಡು, ಒಂದೊಂದನ್ನೇ ಖಾಲಿ ಕಚ್ಚಿಗೆ ದಾಟಿಸುತ್ತಿದ್ದಳು. ನಡುವಿನ ತೂತಿನಿಂದ ಲಾಡಿ ಕೆಳಗಿಳಿಯುತ್ತಿತ್ತು.

"ಈ ಕೆಲಸಕ್ಕೆ ಬಾರದ್ದು ಬಿಟ್ಟು ನನ್ನ ಸೀಡಿ ಹುಡುಕು. ಸಂಜೆ ಸಾಹೇಬರು ಬರ್ತಾರೆ. ವಡೋದರಾದಲ್ಲಿ ನನಗೆ ಮಾಡಿದ ಸನ್ಮಾನ ಅವರಿಗೆ ತೋರಿಸ್ಬೇಕು."

ವಿಭಾ ಕೈಯಲ್ಲಿದ್ದುದನ್ನು ತಿರುಗಿಸಿದಳು. ದಾರಗಳ ಸಂದಿಯಲ್ಲಿ ಬಾಲಚಂದ್ರನಿಗೆ ತನ್ನದೇ ದುಂಡಗಿನ ಅಕ್ಷರಗಳು ಕಂಡವು: 'ಸನ್ಮಾನ, ವಡೋದರಾ'.

"ಮೊದಲು ಹೆಣೀತಿದ್ದ ರಟ್ಟಿನ ಬಿಲ್ಲೆ ಬೇಗ ಸವೆದುಹೋಗ್ತಿತ್ತು ರೀ," ಎನ್ನುತ್ತಾ ಅವಳು ಮುಂದಿನ ದಾರ ಎತ್ತಿಕೊಂಡಳು. "ಇದು ಹಾಗಲ್ಲ. ಕೊನೆಗೂ ಒಂದು ಕೆಲಸಕ್ಕೆ ಬಂತು."